ಬಿಡಿಯಿಂದ ಇಡಿಗೆ

ಕಪಿಲಾ-ಕಾವೇರಿಯರು ಕೂಡುವ ತಿರುಮಕೂಡಲು ನರಸೀಪುರದಿಂದ ಈ ವಾರ ಒಂದು ಪತ್ರ ಬಂದಿದೆ. ಬರೆದವರು ಬಿ.ಸಿ.ಎ. ಪರೀಕ್ಷೆ ಮುಗಿಸಿ ಮನೆಯಲ್ಲಿರುವ ತರುಣಿ. ತಮ್ಮ ಹೆಸರನ್ನು ಪ್ರಕಟಿಸಕೂಡದೆಂದು ಕೋರಿದ್ದಾರೆ. ಆದುದರಿಂದ ಅವರನ್ನು ಸೋದರಿಯೆಂದೇ ಸಂಬೋಧಿಸುತ್ತೇನೆ. ಜಾಲತಾಣಗಳ ಮುಂಭಾಗವನ್ನು ಕಟ್ಟುವ ಕೆಲಸವನ್ನು ಕಲಿಯಬೇಕೆಂದು ಅವರ ಆಸೆ. ಈಗ ಎಲ್ಲರೂ 'ಕಾಂಪೊನೆಂಟ್' ಎಂಬ ಬಿಡಿಭಾಗಗಳನ್ನು ಮಾಡಿ, ಅವುಗಳನ್ನು ಜೋಡಿಸಿ ಪುಟ ಕಟ್ಟುತ್ತಾರಂತೆ. ಅದಕ್ಕೆ ರಿಯಾಕ್ಟ್ ಕಲಿಯಬೇಕೆಂದು ಒಬ್ಬರು, ವ್ಯೂ ಸಾಕೆಂದು ಇನ್ನೊಬ್ಬರು, ಆಂಗ್ಯುಲರ್ ಇಲ್ಲದೆ ನೌಕರಿಯಿಲ್ಲವೆಂದು ಮತ್ತೊಬ್ಬರು ಹೇಳುತ್ತಾರೆ. ಮೈಸೂರಿನ ಒಂದು ತರಬೇತಿ ಕೇಂದ್ರ ಕೇಳುತ್ತಿರುವ ಶುಲ್ಕ ದೊಡ್ಡದು. ತಂದೆಯವರು ಭತ್ತ ಮಾರಿದ ಹಣದಲ್ಲಿ ಒಂದು ಪಾಲನ್ನು ಅದಕ್ಕಾಗಿ ತೆಗೆದಿರಿಸಲು ಒಪ್ಪಿದ್ದಾರೆ. “ಈ ಹಣವನ್ನು ಕಟ್ಟಲೇ ಬೇಡವೇ? ಕಟ್ಟಿದರೆ ಯಾವುದಕ್ಕೆ? ಯಂತ್ರವೇ ಪ್ರೋಗ್ರಾಮು ಬರೆಯುವ ಈ ಕಾಲದಲ್ಲಿ ಕಲಿತು ಪ್ರಯೋಜನವುಂಟೇ?” — ಇವು ಅವರ ಪ್ರಶ್ನೆಗಳು.

ಒಂದು ಸುಗ್ಗಿಯ ಫಲ ಪಣಕ್ಕಿರುವಾಗ ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಈ ವಾರದ ಅಂಕಣವೆಲ್ಲ ಆ ಪತ್ರಕ್ಕೇ ಮೀಸಲು. ಕಂಪ್ಯೂಟರಿನ ಗೊಡವೆಯೇ ಬೇಡವೆನ್ನುವ ವಾಚಕರೂ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ. ನಡುವೆ ಕನ್ನಡದ ಒತ್ತಕ್ಷರಗಳ ಮಾತೂ ಬರುತ್ತದೆ.

ಮೊದಲು, ಬಿಡಿಭಾಗವೆಂದರೇನು? ಭತ್ತದ ಧಾರಣೆಯನ್ನು ತೋರಿಸುವ ಒಂದು ಪುಟವನ್ನು ಊಹಿಸಿಕೊಳ್ಳಿ. ಜ್ಯೋತಿ, ಐಆರ್ ೬೪ ಮುಂತಾದ ತಳಿಗಳಿಗೆ ಒಂದೊಂದು ಚೀಟಿ. ಚೀಟಿಯ ಮೇಲೆ ತಳಿಯ ಹೆಸರು, ಕ್ವಿಂಟಾಲಿನ ಬೆಲೆ, ಕೆಳಗೆ 'ವಿವರ' ಎಂಬ ಗುಂಡಿ. ಹಳೆಯ ಕ್ರಮದಲ್ಲಿ ಹತ್ತು ತಳಿಗಳಿದ್ದರೆ ಚೀಟಿಯನ್ನು ಹತ್ತು ಸಲ ಬರೆಯಬೇಕು. ನಾಳೆ ಬೆಲೆಯ ಪಕ್ಕದಲ್ಲಿ ದಿನಾಂಕವೂ ಇರಲೆಂದು ಯಾರಾದರೂ ಹೇಳಿದರೆ ಹತ್ತು ಕಡೆ ತಿದ್ದಬೇಕು. ಒಂಬತ್ತು ಕಡೆ ತಿದ್ದಿ ಹತ್ತನೆಯದನ್ನು ಮರೆಯುವುದು ಮನುಷ್ಯಸ್ವಭಾವ. ಚೀಟಿಯ ರೂಪ, ನಡವಳಿಕೆ, ಅಲಂಕಾರ ಮೂರನ್ನೂ ಒಂದೇ ಕಡೆ ಒಂದೇ ಸಲ ಬರೆದಿಟ್ಟು, ಬೇಕಾದಲ್ಲೆಲ್ಲ ಹೆಸರು ಹಿಡಿದು ಕರೆಯುವಂತೆ ಮಾಡಿದರೆ ಅದೇ ಬಿಡಿಭಾಗ. ಹಳೆಯ ಮುದ್ರಣಾಲಯಗಳಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರಿಗೆ ಈ ತತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಷರವನ್ನು ಪ್ರತಿ ಸಲವೂ ಕೆತ್ತುವವರುಂಟೇ? ಎರಕ ಹೊಯ್ದ ಮೊಳೆಯನ್ನು ಖಾನೆಯಿಂದ ತೆಗೆದು ಕೂಡಿಸುವುದು, ಕೆಲಸ ಮುಗಿದ ಮೇಲೆ ಅದೇ ಖಾನೆಗೆ ಹಿಂದಿರುಗಿಸುವುದು, ಅಷ್ಟೆ.

ವಿಚಾರ ಹೊಸದಲ್ಲ. ೧೯೬೮ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಷ್ ಎಂಬ ಊರಿನಲ್ಲಿ ನಡೆದ ಸಮ್ಮೇಳನದಲ್ಲಿ ಡಗ್ಲಸ್ ಮ್ಯಾಕಿಲ್‌ರಾಯ್ ಎಂಬ ವಿದ್ವಾಂಸರು, ಕಾರ್ಖಾನೆಯಲ್ಲಿ ತಯಾರಾಗುವ ಯಂತ್ರಭಾಗಗಳಂತೆ ತಂತ್ರಾಂಶದ ಭಾಗಗಳೂ ಬೇಕಾದ ಅಳತೆಯಲ್ಲಿ ಸಿಕ್ಕುವಂತಾಗಬೇಕೆಂದು ವಾದಿಸಿದರು. ಆದರೆ ೧೯೯೧ರಲ್ಲಿ ಟಿಮ್ ಬರ್ನರ್ಸ್-ಲೀ ಅವರ ಜಾಲ ಲೋಕಕ್ಕೆ ತೆರೆದುಕೊಂಡಾಗ ಅದರ ಉದ್ದೇಶ ಲೇಖನಗಳನ್ನು ಹಂಚಿಕೊಳ್ಳುವುದಾಗಿತ್ತು. ತಲೆಬರಹ, ಪ್ಯಾರಾ, ಪಟ್ಟಿ, ಕೊಂಡಿ ಇವಿಷ್ಟೇ ಅದರ ಸಾಮಗ್ರಿ. ೧೯೯೫ರಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆ ಪುಟಗಳಿಗೆ ಚಲನೆ ತಂದಿತು. ೨೦೦೬ರ ಜೆಕ್ವೆರಿ ಆ ಕೆಲಸವನ್ನು ಹಗುರ ಮಾಡಿತು. ಆದರೂ ಪುಟದ ಯಾವ ಮೂಲೆಯಲ್ಲಿ ಯಾರು ಏನನ್ನು ಬದಲಿಸಿದರೆಂಬುದನ್ನು ಪತ್ತೆ ಹಚ್ಚುವುದೇ ದೊಡ್ಡ ತಲೆನೋವಾಗಿ ಉಳಿಯಿತು.

೨೦೧೩ರ ಮೇ ತಿಂಗಳಲ್ಲಿ ಫೇಸ್‌ಬುಕ್ ಸಂಸ್ಥೆ ಎಲ್ಲರ ಉಪಯೋಗಕ್ಕೆಂದು ಬಿಡುಗಡೆ ಮಾಡಿದ ರಿಯಾಕ್ಟ್, ಆ ತಲೆನೋವಿಗೆ ಒಂದು ಕಷಾಯವಾಗಿ ಬಂತು. ಅದರ ತಿರುಳು ಸರಳ: ಪುಟವನ್ನು ಕೈಯಾರೆ ತಿದ್ದುತ್ತ ಹೋಗಬೇಡ, ಸ್ಥಿತಿ ಹೀಗಿದ್ದಾಗ ಪುಟ ಹೀಗೆ ಕಾಣಬೇಕೆಂದು ಹೇಳು, ತಿದ್ದುವ ಭಾರ ನನಗಿರಲಿ. ಮರುವರ್ಷ ಇವಾನ್ ಯೂ ಅವರ ವ್ಯೂ ಬಂತು. ೨೦೧೬ರಲ್ಲಿ ಆಂಗ್ಯುಲರ್ ಹೊಸ ಹುಟ್ಟು ಪಡೆಯಿತು. ಅದೇ ವರ್ಷ ರಿಚ್ ಹ್ಯಾರಿಸ್ ಅವರ ಸ್ವೆಲ್ಟ್ ಕೂಡ ಬಂತು. ಹೆಸರುಗಳು ಹಲವು, ಒಳಗಿನ ವಿಚಾರ ಬಹುಮಟ್ಟಿಗೆ ಒಂದೇ.

ಆ ವಿಚಾರವನ್ನು ನಮ್ಮ ಸೋದರಿಗೆ ಅವರ ಊರಿನ ನಾಲೆಯಿಂದಲೇ ತೋರಿಸಬಹುದು. ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ: ನಾಲೆಯಿಂದ ತೂಬು, ತೂಬಿನಿಂದ ಕಾಲುವೆ, ಕಾಲುವೆಯಿಂದ ಗದ್ದೆ. ಕೊನೆಯ ಗದ್ದೆಯವನು ನೀರನ್ನು ಹಿಂದಕ್ಕೆ ನೂಕಲಾರ. ಬೇಕಾದರೆ ನೀರುಗಂಟಿಯ ಮೂಲಕ ಮೇಲಕ್ಕೆ ಸುದ್ದಿ ಕಳುಹಿಸಬಲ್ಲ. ಬಿಡಿಭಾಗಗಳ ಲೋಕದಲ್ಲಿಯೂ ಹಾಗೆಯೇ. ತಳಿಯ ಹೆಸರು, ಬೆಲೆ ಇವು ಮೇಲಿನಿಂದ ಚೀಟಿಗೆ ಹರಿದು ಬರುವ ವಿವರಗಳು. ಚೀಟಿ ಅವುಗಳನ್ನು ತೋರಿಸಬೇಕು, ತಾನೇ ತಿದ್ದಬಾರದು. ಗುಂಡಿಯನ್ನು ಒತ್ತಿದಾಗ 'ಇಲ್ಲಿ ಒತ್ತಲಾಗಿದೆ' ಎಂಬ ಸುದ್ದಿ ಮೇಲಕ್ಕೆ ಹೋಗುತ್ತದೆ. ಇನ್ನು, ವಿವರ ತೆರೆದಿದೆಯೇ ಮುಚ್ಚಿದೆಯೇ ಎಂಬಂಥ ಸಣ್ಣ ಸಂಗತಿ ಚೀಟಿಯ ಸ್ವಂತ ಸ್ಥಿತಿ. ಅದನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ಯಾವುದು ಮೇಲಿನಿಂದ ಬಂದದ್ದು, ಯಾವುದು ತನ್ನದು ಎಂಬ ವಿವೇಕ ಹುಟ್ಟಿದರೆ ರಿಯಾಕ್ಟಿನಲ್ಲಿ ಅರ್ಧ ಪಾಂಡಿತ್ಯ ಬಂದಂತೆ. ಈ ವಿವೇಕವಿಲ್ಲದೆ, ೨೦೧೯ರಲ್ಲಿ ರಿಯಾಕ್ಟಿಗೆ ಸೇರಿದ 'ಹುಕ್ಸ್' ಎಂಬ ಕೊಕ್ಕೆಗಳ ಹೆಸರುಗಳನ್ನು ಬಾಯಿಪಾಠ ಮಾಡಿದವರು ಮೂರನೆಯ ಪುಟ ಕಟ್ಟುವಷ್ಟರಲ್ಲಿ ದಿಕ್ಕು ತಪ್ಪುತ್ತಾರೆ.

ಸೋಮನಾಥಪುರ ನಿಮ್ಮ ತಾಲ್ಲೂಕಿನದೇ ಅಲ್ಲವೇ, ಸೋದರಿ? ೧೨೫೮ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ, ೨೦೨೩ರಲ್ಲಿ ಬೇಲೂರು-ಹಳೇಬೀಡುಗಳ ಸಂಗಡ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಕೇಶವ ದೇವಾಲಯವನ್ನು ನೀವು ಶಾಲೆಯ ಪ್ರವಾಸದಲ್ಲಿ ನೋಡಿಯೇ ಇರುತ್ತೀರಿ. ಇನ್ನೊಮ್ಮೆ ಹೋಗಿ, ವಿಗ್ರಹಗಳನ್ನು ಬಿಟ್ಟು ಕಂಬಗಳನ್ನೂ ಭುವನೇಶ್ವರಿಗಳನ್ನೂ ನೋಡಿರಿ. ಕಂಬಗಳು ಚರಕಿಗೆ ಕೊಟ್ಟು ಕಡೆದಂಥವು. ತಲೆಯೆತ್ತಿದರೆ ಒಂದು ಅಂಕಣದ ಭುವನೇಶ್ವರಿಯಂತೆ ಪಕ್ಕದ್ದಿಲ್ಲ. ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಮ್ಮ ಹೆಸರು ಕೊರೆದಿಡುವಷ್ಟು ಸ್ವಾತಂತ್ರ್ಯವನ್ನು ಅನುಭವಿಸಿದ್ದಾರೆ. ಆದರೆ ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ ಕೂಡುವ ಸ್ಥಳದಲ್ಲಿ ಯಾರಿಗೂ ಸ್ವಾತಂತ್ರ್ಯವಿಲ್ಲ. ಅಲ್ಲಿ ಅಳತೆಯೇ ಅರಸು. ಒಳ್ಳೆಯ ಬಿಡಿಭಾಗದ ಲಕ್ಷಣವೂ ಇದೇ: ಕೂಡುವ ಕಡೆ ಕಟ್ಟುನಿಟ್ಟು, ಒಳಗೆ ಸ್ವಚ್ಛಂದ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು. ಕಲ್ಲು ಒಮ್ಮೆ ಕೂತರೆ ಏಳು ಶತಮಾನ ಅಲುಗದು. ನಮ್ಮ ಧಾರಣೆಯ ಚೀಟಿ ಗಳಿಗೆಗೊಮ್ಮೆ ಬದಲಾಗುತ್ತದೆ. ಮೇಲಾಗಿ ಯಾವ ಶಿಲ್ಪಿಯೂ ಮುಖಪರಿಚಯವಿಲ್ಲದವನು ಕಡೆದ ಕಂಬವನ್ನು ಪರೀಕ್ಷಿಸದೆ ನಿಲ್ಲಿಸುತ್ತಿರಲಿಲ್ಲ. ಜಾಲದವರು ನಿಲ್ಲಿಸುತ್ತಾರೆ! ೨೦೧೬ರ ಮಾರ್ಚಿನಲ್ಲಿ 'ಲೆಫ್ಟ್-ಪ್ಯಾಡ್' ಎಂಬ, ಕೇವಲ ಹನ್ನೊಂದು ಸಾಲುಗಳ ತುಣುಕೊಂದನ್ನು ಅದರ ಕರ್ತೃ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನೇ ನೆಚ್ಚಿದ್ದ ಅಸಂಖ್ಯ ಯೋಜನೆಗಳ ಕೆಲಸ ಲೋಕದಾದ್ಯಂತ ನಿಂತುಹೋಯಿತು. ಎರವಲು ತಂದ ಭಾಗ ಎಷ್ಟು ಸಣ್ಣದಾದರೂ ಅದು ಎರವಲೇ.

ಈಗ ತರಬೇತಿ ಕೇಂದ್ರಗಳು ಕಡೆಯಲ್ಲಿ ಹೇಳುವ, ನನ್ನ ಅಭಿಪ್ರಾಯದಲ್ಲಿ ಮೊದಲೇ ಹೇಳಬೇಕಾದ ಸಂಗತಿಗೆ ಬರುತ್ತೇನೆ. ಬಿಡಿಭಾಗ ಕಟ್ಟಲು ಇಂದು ಯಾವ ಎರವಲೂ ಬೇಕಾಗಿಲ್ಲ. ಬ್ರೌಸರಿನಲ್ಲಿಯೇ ಅದಕ್ಕೆ ಏರ್ಪಾಡಿದೆ. ೨೦೧೧ರಲ್ಲಿ ಅಲೆಕ್ಸ್ ರಸೆಲ್ ಎಂಬವರು ಮುಂದಿಟ್ಟ 'ವೆಬ್ ಕಾಂಪೊನೆಂಟ್ಸ್' ಯೋಜನೆ ೨೦೧೬ರಲ್ಲಿ ಇಂದಿನ ರೂಪದಲ್ಲಿ ಕ್ರೋಮಿಗೂ, ೨೦೧೮ರಲ್ಲಿ ಫೈರ್‌ಫಾಕ್ಸಿಗೂ, ೨೦೨೦ರಲ್ಲಿ ಎಡ್ಜಿಗೂ ಬಂತು. ಇದರಲ್ಲಿ ನಿಮ್ಮದೇ ಹೆಸರಿನ ಒಂದು ಹೊಸ ಎಚ್‌ಟಿಎಂಎಲ್ ಗುರುತನ್ನು ಸೃಷ್ಟಿಸಬಹುದು. ಹೆಸರಿನ ನಡುವೆ ಒಂದು ಅಡ್ಡಗೆರೆ ಇರಲೇಬೇಕು. ಮುಂದೆ ಬ್ರೌಸರಿನವರು ತರಬಹುದಾದ ಹೆಸರಿಗೂ ನಿಮ್ಮ ಹೆಸರಿಗೂ ಘರ್ಷಣೆಯಾಗಬಾರದೆಂದು ಈ ನಿಯಮ. ಮೊದಲ ಅಕ್ಷರ ರೋಮನ್ ಲಿಪಿಯ ಸಣ್ಣಕ್ಷರವಾಗಿರಬೇಕು; ಆದರೆ ಅಲ್ಲಿಂದ ಮುಂದೆ ಕನ್ನಡಾಕ್ಷರಗಳಿಗೂ ಪ್ರವೇಶವಿದೆ ಎಂಬುದು ಬಹಳ ಜನಕ್ಕೆ ತಿಳಿಯದು. ಇದರ ಇನ್ನೊಂದು ಅಂಗ 'ಶ್ಯಾಡೊ ಡಾಮ್'. ಅದು ಮನೆಯ ಸುತ್ತಲಿನ ಕಾಂಪೌಂಡು ಗೋಡೆಯಿದ್ದಂತೆ: ಪುಟದ ಬೇರೆಡೆಯ ಅಲಂಕಾರದ ನಿಯಮಗಳು ಒಳನುಗ್ಗಿ ಚೀಟಿಯನ್ನು ಕೆಡಿಸಲಾರವು, ಚೀಟಿಯ ನಿಯಮಗಳು ಹೊರಗೆ ಹೋಗಿ ಪುಟವನ್ನು ಕೆಡಿಸಲಾರವು. ಅಕ್ಷರದ ಜಾತಿ, ಬಣ್ಣ ಮುಂತಾದ ವಂಶಪಾರಂಪರ್ಯದ ಗುಣಗಳು ಮಾತ್ರ ಗೋಡೆಯನ್ನು ದಾಟಿ ಬರುತ್ತವೆ. ಮೂರನೆಯದು 'ಸ್ಲಾಟ್', ಒಳಗೆ ಏನಿಡಬೇಕೆಂಬುದನ್ನು ಉಪಯೋಗಿಸುವವರಿಗೇ ಬಿಟ್ಟ ಖಾಲಿ ಗೂಡು.

ಅಲಂಕಾರದ ಭಾಷೆಯಾದ ಸಿಎಸ್‌ಎಸ್ ಕೂಡ ಸುಮ್ಮನೆ ಕುಳಿತಿಲ್ಲ. ೨೦೧೦ರಿಂದ ಪ್ರಚಾರಕ್ಕೆ ಬಂದ ಹೊಂದಿಕೊಳ್ಳುವ ವಿನ್ಯಾಸದಲ್ಲಿ, ಪರದೆ ಎಷ್ಟು ಅಗಲವೆಂದು ಕೇಳಿ ಪುಟ ತನ್ನ ರೂಪ ಬದಲಿಸುತ್ತಿತ್ತು. ಆದರೆ ಒಂದು ಚೀಟಿಗೆ ಪರದೆಯ ಅಗಲದಿಂದ ಆಗಬೇಕಾದ್ದೇನು? ತಾನು ಕುಳಿತ ಜಾಗ ಎಷ್ಟು ಅಗಲವೆಂಬುದು ಅದಕ್ಕೆ ತಿಳಿಯಬೇಕು. ೨೦೨೨ರಲ್ಲಿ ಕ್ರೋಮ್ ಮತ್ತು ಸಫಾರಿಗಳಲ್ಲಿ, ೨೦೨೩ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸಿನಲ್ಲಿ ಬಂದ 'ಕಂಟೇನರ್ ಕ್ವೆರಿ' ಈ ಕೊರತೆಯನ್ನು ನೀಗಿತು. ಹಳೆಯ ಪಾಠಗಳನ್ನೇ ಈಗಲೂ ಒಪ್ಪಿಸುವ ತರಗತಿಗಳಲ್ಲಿ ಈ ಮಾತು ಬರುವುದಿಲ್ಲ. ಶುಲ್ಕ ಕಟ್ಟುವ ಮೊದಲು ಇದೊಂದನ್ನು ಕೇಳಿ ನೋಡಿರಿ, ಉತ್ತರದಿಂದಲೇ ಕೇಂದ್ರದ ಯೋಗ್ಯತೆ ತಿಳಿಯುತ್ತದೆ.

ಇನ್ನು ಕನ್ನಡ. ಈ ವಿದ್ಯೆಯ ಪುಸ್ತಕಗಳಲ್ಲಿ ಕಾಣದ, ನಮಗೆ ಮಾತ್ರ ಎದುರಾಗುವ ತೊಡಕು ಇಲ್ಲಿದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರವೆಂದರೆ ಒಂದು ಸಂಕೇತ. ಕನ್ನಡ ಹಾಗಲ್ಲ. 'ಲಕ್ಷ್ಮಮ್ಮ' ಎಂಬ ಹೆಸರನ್ನು ನಾವು ಮೂರಕ್ಷರವೆಂದು ಎಣಿಸುತ್ತೇವೆ: ಲ, ಕ್ಷ್ಮ, ಮ್ಮ. ಯೂನಿಕೋಡಿನಲ್ಲಿ ಅದು ಒಂಬತ್ತು ಸಂಕೇತಗಳ ಸಾಲು. ಏಕೆಂದರೆ ಪ್ರತಿ ಒತ್ತಕ್ಷರದ ಹಿಂದೆಯೂ ಕಣ್ಣಿಗೆ ಕಾಣದ ಒಂದೊಂದು ಅರ್ಧಾಕ್ಷರಚಿಹ್ನೆ ಅಡಗಿದೆ. ಜಾವಾಸ್ಕ್ರಿಪ್ಟಿಗೆ ಕಾಣುವುದು ಆ ಒಂಬತ್ತು. ಈಗ ಯಾರೋ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು, ಹೆಸರು ಉದ್ದವಾದರೆ ಎಂಟಕ್ಕೆ ಕತ್ತರಿಸಿ ಮೂರು ಚುಕ್ಕೆ ಇಡು ಎಂದು ಚೀಟಿಯೊಳಗೆ ಬರೆದಿದ್ದರೆ, ಆ ತಾಯಿಯ ಹೆಸರು ಪರದೆಯ ಮೇಲೆ 'ಲಕ್ಷ್ಮಮ್…' ಎಂದು ಕಾಣುತ್ತದೆ. ಐದಕ್ಕೆ ಕತ್ತರಿಸಿದರೆ 'ಲಕ್ಷ್…' ಸುಳಿವೂ ಸಿಕ್ಕದು. ಪಡಿತರದ ಪಟ್ಟಿಯಲ್ಲಿಯೋ ಆಸ್ಪತ್ರೆಯ ಚೀಟಿಯಲ್ಲಿಯೋ ಹೀಗಾದರೆ ನಗುವ ಸಂಗತಿಯಲ್ಲ.

ಇದಕ್ಕೆ ಸಿದ್ಧೌಷಧವಿಲ್ಲವೇ ಎಂದರೆ, ಅರ್ಧ ಉಂಟು. ಅಕ್ಷರಗಳನ್ನು ವಿಂಗಡಿಸಲೆಂದೇ 'ಸೆಗ್ಮೆಂಟರ್' ಎಂಬ ಸಾಧನ ೨೦೨೦ರಿಂದ ಕ್ರೋಮಿನಲ್ಲಿಯೂ ೨೦೨೪ರಿಂದ ಫೈರ್‌ಫಾಕ್ಸಿನಲ್ಲಿಯೂ ಇದೆ. ಅದು ನಡೆಯುವುದು ಯೂನಿಕೋಡ್ ಒಕ್ಕೂಟದ ನಿಯಮದಂತೆ. ೨೦೨೩ರಲ್ಲಿ ಬಂದ ಯೂನಿಕೋಡಿನ ೧೫.೧ನೆಯ ಆವೃತ್ತಿ, ಒತ್ತಕ್ಷರವನ್ನು ಒಡೆಯಕೂಡದೆಂಬ ಹೊಸ ನಿಯಮವನ್ನು ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳು ಆ ನಿಯಮದ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಅಂದರೆ ಅದೇ ಹೆಸರನ್ನು ತೆಲುಗಿನಲ್ಲಿ ಬರೆದರೆ ಆ ನಿಯಮದಂತೆ ಮೂರು ಭಾಗ, ಕನ್ನಡದಲ್ಲಿ ಬರೆದರೆ ಆರು. ಅಕ್ಕತಂಗಿಯರಂತಿರುವ ಎರಡು ಲಿಪಿಗಳಲ್ಲಿ ಒಬ್ಬಳಿಗೆ ಮಣೆ, ಇನ್ನೊಬ್ಬಳಿಗೆ ಬಾಗಿಲು! ಸಾಧನವನ್ನು ಕುರುಡಾಗಿ ನಂಬಿದವರ ಕೈಯಲ್ಲಿಯೂ 'ಕ್ಷ್ಮ' ಒಡೆಯುವುದುಂಟು. ಪರಿಹಾರ ಕಷ್ಟವಲ್ಲ. ಅರ್ಧಾಕ್ಷರಚಿಹ್ನೆಯ ಬೆನ್ನಿಗೇ ವ್ಯಂಜನ ಬಂದಿದ್ದರೆ ಅಲ್ಲಿ ತುಂಡರಿಸಬಾರದು ಎಂಬ ನಿಯಮವನ್ನು ನೀವೇ ಹತ್ತು ಸಾಲಿನಲ್ಲಿ ಬರೆಯಬಹುದು. 'ಸುರೇಶ್' ಎಂಬಂತೆ ಕೊನೆಯಲ್ಲಿಯೇ ಅರ್ಧಾಕ್ಷರವಿದ್ದರೆ ಅದರ ಹಿಂದೆ ವ್ಯಂಜನವಿಲ್ಲದ ಕಾರಣ ಬಾಧಕವಿಲ್ಲ. ಅದಕ್ಕಿಂತ ಉತ್ತಮವಾದುದು, ಕತ್ತರಿಸುವ ಕೆಲಸವನ್ನು ಲೆಕ್ಕದ ಮೇಲೆ ಮಾಡದೆ ಸಿಎಸ್‌ಎಸ್‌ಗೇ ಒಪ್ಪಿಸುವುದು. ಅದು ಸಂಕೇತವನ್ನು ಎಣಿಸುವುದಿಲ್ಲ, ಬರೆದಾದ ಮೇಲಿನ ಅಗಲವನ್ನು ನೋಡುತ್ತದೆ.

ಎತ್ತರದ ಕಥೆಯೂ ಇಂಥದೇ. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿನ ಅಳತೆಗೆ ಗುಂಡಿಯ ಎತ್ತರವನ್ನು ಬಿಗಿದು, ಮೀರಿದ್ದನ್ನು ಮರೆಮಾಡು ಎಂದು ಬರೆದಿದ್ದರೆ 'ಒಪ್ಪಿಗೆ'ಯ ಒತ್ತು ಹಾರಿ 'ಒಪಿಗೆ' ಉಳಿಯುತ್ತದೆ. ಎತ್ತರವನ್ನು ಬಿಗಿಯಬೇಡಿ, ಕನಿಷ್ಠ ಎತ್ತರ ಹೇಳಿ, ಸುತ್ತ ಧಾರಾಳವಾಗಿ ಜಾಗ ಬಿಡಿ. ಟೈಪು ಮಾಡುವ ಪೆಟ್ಟಿಗೆಯಲ್ಲಿ ಪ್ರತಿ ಕೀಲಿಯ ಒತ್ತಿಗೂ ಹುಡುಕಾಟ ಆರಂಭಿಸುವ ಬಿಡಿಭಾಗಗಳು, ಲಿಪ್ಯಂತರದ ಕೀಲಿಮಣೆಯಲ್ಲಿ ಶಬ್ದ ಇನ್ನೂ ಗರ್ಭದಲ್ಲಿರುವಾಗಲೇ ಅವಸರಪಡುತ್ತವೆ. ರಚನೆ ಮುಗಿಯಿತೆಂಬ ಸೂಚನೆಯನ್ನು ಬ್ರೌಸರು ಕೊಡುತ್ತದೆ, ಅದಕ್ಕಾಗಿ ಕಾಯಬೇಕು. ಪುಟದ ಭಾಷೆ ಕನ್ನಡವೆಂಬ ಗುರುತನ್ನೂ ಮರೆಯದೆ ಹಾಕಬೇಕು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಆ ಗುರುತನ್ನು ನೋಡಿಯೇ ಕನ್ನಡದ ಧ್ವನಿಗೆ ಬದಲಾಗಬಲ್ಲುದು. ಅಂಥವರಿಗೆ ಇನ್ನೊಂದು ಉಪಕಾರವೂ ಆಗಬೇಕು: ಗುಂಡಿ ಬೇಕಾದ ಕಡೆ ನಿಜವಾದ 'ಬಟನ್' ಗುರುತನ್ನೇ ಬಳಸಿರಿ. ಖಾಲಿ 'ಡಿವ್' ಪೆಟ್ಟಿಗೆಗೆ ಬಣ್ಣ ಬಳಿದು ಗುಂಡಿಯ ವೇಷ ಹಾಕಿಸಿದರೆ ಕಣ್ಣಿರುವವರು ಮೋಸಹೋಗಬಹುದು. ಕೀಲಿಮಣೆಯನ್ನು ನೆಚ್ಚಿದವರಿಗೆ ಅಲ್ಲಿ ಗುಂಡಿಯೇ ಇಲ್ಲ.

ಇದೆಲ್ಲ ನಮ್ಮಂಥವರಿಗೆ ನಿಲುಕುವ ಕೆಲಸವೇ ಎಂದು ಅಳುಕಬಾರದು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನೋಡಿರಿ. ಅದರ ಹಿಂದಿರುವ ವಿಕಿಮೀಡಿಯ ಸಂಸ್ಥೆ ೨೦೨೦ರಲ್ಲಿ ವ್ಯೂವನ್ನು ಆರಿಸಿಕೊಂಡು, ಅದರ ಮೇಲೆ 'ಕೋಡೆಕ್ಸ್' ಎಂಬ ಬಿಡಿಭಾಗಗಳ ಉಗ್ರಾಣವನ್ನೇ ಕಟ್ಟಿತು. ನೂರಾರು ಭಾಷೆಗಳ ವಿಕಿಪೀಡಿಯಗಳಿಗೆ ಒದಗಬೇಕಾದ ಭಾಗಗಳು ಅವು. ಎಡದಿಂದ ಬಲಕ್ಕೆ ಬರೆಯುವವರಿಗೂ ಬಲದಿಂದ ಎಡಕ್ಕೆ ಬರೆಯುವವರಿಗೂ ಒಗ್ಗಬೇಕು. ಅದರ ಮೂಲಬರಹ ಸರ್ವರಿಗೂ ತೆರೆದಿದೆ. ಒಂದು ಗುಂಡಿಯನ್ನು ಅವರು ಹೇಗೆ ಕಟ್ಟಿದ್ದಾರೆಂದು ಓದುವುದೇ ಒಂದು ವಾರದ ಪಾಠ. ವ್ಯಾಪಾರಿಗಳಿಗೂ ಕನ್ನಡ ಈಗ ಬೇಕಾಗಿದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ ೨೦೨೦ರ ಜೂನಿನಲ್ಲಿ ತಮಿಳು, ತೆಲುಗುಗಳೊಂದಿಗೆ ಕನ್ನಡದಲ್ಲಿಯೂ ತನ್ನ ಅಂಗಡಿ ತೆರೆಯಿತು. ಒತ್ತಕ್ಷರದ ಮರ್ಮ ಬಲ್ಲ ಕೈಗಳಿಗೆ ಕೆಲಸವಿದೆಯೆಂದು ನಾನು ಭಾವಿಸುವುದು ಈ ಕಾರಣದಿಂದ.

ಹಾಗಾದರೆ ಏನು ಮಾಡಬೇಕು? ಮೊದಲ ಮೂರು ತಿಂಗಳು ಯಾರಿಗೂ ಒಂದು ಕಾಸನ್ನೂ ಕೊಡಬೇಡಿ. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್, ಒಂದು ಬರೆಯುವ ತಂತ್ರಾಂಶ, ಒಂದು ಬ್ರೌಸರು ಸಾಕು. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮೂರನ್ನೂ ಮೊಜಿಲ್ಲ ಸಂಸ್ಥೆಯ ಎಂಡಿಎನ್ ಪಾಠಗಳಿಂದ ಕಲಿಯಿರಿ. ಅವು ಇಂಗ್ಲಿಷಿನಲ್ಲಿವೆ, ಆದರೆ ಪುಕ್ಕಟೆ, ಮತ್ತು ಶುಲ್ಕ ತೆಗೆದುಕೊಳ್ಳುವ ಬಹಳ ಮಂದಿ ಅಲ್ಲಿಂದಲೇ ಓದಿ ಹೇಳುವವರು. ಅನಂತರ ಭತ್ತದ ಧಾರಣೆಯ ಆ ಚೀಟಿಯನ್ನು ಯಾವ ಎರವಲೂ ಇಲ್ಲದೆ, ಬ್ರೌಸರಿನ ಸ್ವಂತ ಏರ್ಪಾಡಿನಿಂದ ಕಟ್ಟಿರಿ. ಕನ್ನಡದಲ್ಲಿಯೇ ಕಟ್ಟಿರಿ. ನಿಮ್ಮ ತಂದೆಯವರ ಫೋನಿನಲ್ಲಿ, ಅಕ್ಷರವನ್ನು ದೊಡ್ಡದು ಮಾಡಿಕೊಂಡು ನೋಡುವ ಆ ಪುಟ್ಟ ಪರದೆಯಲ್ಲಿ, ಅದು ಸರಿಯಾಗಿ ಕಾಣುವವರೆಗೆ ಬಿಡಬೇಡಿ. ಅದಾದ ಮೇಲೆ ಅದೇ ಚೀಟಿಯನ್ನು ರಿಯಾಕ್ಟಿನಲ್ಲಿ ಮತ್ತೆ ಕಟ್ಟಿರಿ. ಆಂಗ್ಯುಲರೋ ವ್ಯೂವೋ ಬೇಕೆಂದು ನೌಕರಿ ಕೊಡುವವರು ಕೇಳಿದರೆ ಆಗ ಕಲಿಯಬಹುದು. ನಾಲೆಯ ತತ್ತ್ವ ತಿಳಿದವರಿಗೆ ಅದು ಕೆಲವು ವಾರಗಳ ಮಾತು.

ಯಂತ್ರದ ವಿಚಾರ. ಕೃತಕ ಬುದ್ಧಿಮತ್ತೆ ಕೇಳಿದ ಗಳಿಗೆಯಲ್ಲಿ ಒಂದು ಚೀಟಿಯನ್ನು ಬರೆದುಕೊಡುತ್ತದೆಂಬುದು ನಿಜ, ಹಲವು ಸಲ ಚೆನ್ನಾಗಿಯೇ ಬರೆಯುತ್ತದೆ. ಅದನ್ನು ದೂರವಿಡಬೇಕೆಂದು ನಾನು ಹೇಳುವುದಿಲ್ಲ; ಅರ್ಥವಾಗದ ಸಾಲನ್ನು ತೋರಿಸಿ ಇದೇಕೆ ಹೀಗೆ ಎಂದು ಕೇಳಲು ಅದು ಬೇಸರವಿಲ್ಲದ ಉಪಾಧ್ಯಾಯ. ಆದರೆ ಅದು ಕೊಟ್ಟ ಗುಂಡಿ ನಿಜವಾದ ಗುಂಡಿಯೇ, ಲಕ್ಷ್ಮಮ್ಮನವರ ಹೆಸರು ಅದರಲ್ಲಿ ಇಡಿಯಾಗಿ ನಿಲ್ಲುತ್ತದೆಯೇ ಎಂದು ನೋಡಿ ಹೇಳಬೇಕಾದವರು ನೀವು. ಆ ಕಣ್ಣು ಬರಬೇಕಾದರೆ ಕೆಲವು ಚೀಟಿಗಳನ್ನಾದರೂ ಸ್ವಂತ ಕೈಯಿಂದ ಕಟ್ಟಿ ಕೆಡಿಸಿರಬೇಕು. ನೌಕರಿ ಖಂಡಿತವೆಂದು ನಾನು ಮಾತು ಕೊಡಲಾರೆ. ಶುಲ್ಕ ಕೇಳುವವರು ಕೊಡುತ್ತಾರೆ. ಅದನ್ನು ಕಾಗದದ ಮೇಲೆ ಬರೆದುಕೊಡುವರೇ ಎಂದು ತಂದೆಯವರು ಒಮ್ಮೆ ಕೇಳಿ ನೋಡಲಿ.

ಸುಗ್ಗಿಯ ಹಣ ಸದ್ಯಕ್ಕೆ ಬ್ಯಾಂಕಿನಲ್ಲಿಯೇ ಇರಲಿ. ಮೂರು ತಿಂಗಳ ಮೇಲೆ ಚೀಟಿ ಸಿದ್ಧವಾದಾಗ ಅದರ ವಿಳಾಸವನ್ನು ನನಗೆ ಕಳುಹಿಸಿರಿ. ತರಬೇತಿ ಬೇಕೋ ಬೇಡವೋ, ಬೇಕಾದರೆ ಯಾವುದರಲ್ಲಿ ಎಂಬುದನ್ನು ಆಗ ಇಬ್ಬರೂ ಕೂಡಿ ಯೋಚಿಸೋಣ.